ಎಂಟೂ ಹತ್ತರ ಬಸ್ಸಿನ ಝೋಂಬಿಗಳು

ನನಗೆ ರಕ್ತ ಕಂಡರೆ ಆಗುವುದಿಲ್ಲ. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ಮೊದಲು ಕಣ್ಣು ಮುಚ್ಚಿಕೊಳ್ಳುತ್ತೇನೆ. ಗಾಯ ಎಷ್ಟು ದೊಡ್ಡದೆಂದು ನೋಡಿ ಹೇಳುವ ಜವಾಬ್ದಾರಿ ಯಜಮಾನರದು. ಇಂಥ ನಾನು, ಸತ್ತವರು ಎದ್ದು ಬಂದು ಬದುಕಿರುವವರನ್ನು ಕಚ್ಚುವ ಟೀವಿ ಧಾರಾವಾಹಿಯೊಂದನ್ನು ಎರಡು ವರ್ಷದಿಂದ ಒಂದು ಕಂತೂ ಬಿಡದೆ ನೋಡುತ್ತಿದ್ದೇನೆ ಎಂದರೆ ನೀವು ನಗಬಹುದು. ನಗಿ. ‘ನೋಡುತ್ತಿದ್ದೇನೆ’ ಅನ್ನುವುದೂ ಪೂರ್ತಿ ನಿಜವಲ್ಲ. ಹೊಡೆದಾಟದ ಮುಕ್ಕಾಲು ಪಾಲನ್ನು ದಿಂಬಿನ ಮರೆಯಲ್ಲಿ ಕೂತು ಕಿವಿಯಿಂದಲೇ ಅನುಭವಿಸಿದ್ದೇನೆ. ಕೊಡಲಿ ಏಟು ಯಾವುದು, ಸುತ್ತಿಗೆ ಏಟು ಯಾವುದು ಎಂದು ಈಗ ಸದ್ದಿನಲ್ಲೇ ಹೇಳಬಲ್ಲೆ. ಛಂದಸ್ಸು ಪಾಠ ಮಾಡುವವಳ ಕಿವಿ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ನಾನು ಶಿರಾದ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಮನೆ ಮಧುಗಿರಿಯಲ್ಲಿ. ಬೆಳಿಗ್ಗೆ ಎಂಟೂ ಹತ್ತರ ಖಾಸಗಿ ಬಸ್ಸು ನನ್ನ ಎರಡನೇ ಮನೆ. ಈ ಚಟ ಅಂಟಿಸಿದವಳು ಆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವ ನಸ್ರೀನ್. ಶಿರಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಒಂದು ದಿನ ಮೊಬೈಲಿನಲ್ಲಿ ಏನೋ ನೋಡುತ್ತ ಕಿಸಕಿಸ ನಗುತ್ತಿದ್ದಳು. ಅಷ್ಟು ತಮಾಷೆ ಏನಿದೆ ಎಂದು ಬಗ್ಗಿ ನೋಡಿದೆ. ರಕ್ತ ಸೋರುವ ಹೆಣವೊಂದು ಒಬ್ಬ ಹುಡುಗಿಯ ಮೇಲೆ ಎರಗುತ್ತಿತ್ತು. ನಾನು ಕಿರುಚಿದ್ದಕ್ಕೆ ಡ್ರೈವರ್ ಬ್ರೇಕು ಹಾಕಿದ.

“ತೌಬಾ! ಹೆದರ್ಕೊಂಡ್ರಾ ಮೇಡಂ? ಅದು ರಕ್ತ ಅಲ್ಲ ಬಿಡ್ರಿ, ಟೊಮೇಟೊ ಸಾಸು. ದಿನಾ ನೋಡೋಳು ನಾನು, ನಂಗೆ ಗೊತ್ತಿಲ್ವಾ? ಹಳೇ ರಕ್ತ ಇಷ್ಟು ಕೆಂಪಗಿರಲ್ಲ. ಅದಕ್ಕೇ ನಗು ಬಂತು,” ಎಂದಳು.

ಮರುದಿನ ಬಸ್ಸು ಹತ್ತಿದವಳೇ ನಾನು ಕೇಳಿದ್ದು: “ಆ ಹುಡುಗಿ ಉಳಿದಳಾ?” ಅಲ್ಲಿಗೆ ನನ್ನ ಕತೆ ಮುಗಿಯಿತು.

ಅದು ಪರದೇಶದ ಧಾರಾವಾಹಿ, ಕನ್ನಡದಲ್ಲಿ ಮಾತಾಡಿಸಿದ್ದಾರೆ. ಲೋಕವೆಲ್ಲ ಝೋಂಬಿಗಳಿಂದ ತುಂಬಿ, ನಲವತ್ತು ಜನ ಮಾತ್ರ ಒಂದು ಹಳೇ ಉಪ್ಪಿನ ಕಾರ್ಖಾನೆಯೊಳಗೆ ಕಬ್ಬಿಣದ ಗೇಟು ಹಾಕಿಕೊಂಡು ಬದುಕುತ್ತಿರುತ್ತಾರೆ. ಅವರ ಮುಖಂಡ ಹ್ಯಾರಿಸ್. ವೈದ್ಯೆ ಮಾರ್ಟಾ. ಇಷ್ಟು ಗೊತ್ತಿದ್ದರೆ ನಮ್ಮ ಬಸ್ಸಿನ ಚರ್ಚೆಯಲ್ಲಿ ನೀವೂ ಭಾಗವಹಿಸಬಹುದು. ಲೋಕ ಮುಳುಗಿ ಐದು ವರ್ಷವಾದರೂ ಇವರ ಜೀಪಿಗೆ ಡೀಸೆಲ್ ಎಲ್ಲಿಂದ ಬರುತ್ತದೆ? ಮಾರ್ಟಾಳ ಕೂದಲಿಗೆ ಸೀಗೆಪುಡಿ ಕೊಡುವವರು ಯಾರು? ಓಡಲಾರದ ಹೆಣಗಳು ಓಡಬಲ್ಲ ಮನುಷ್ಯರನ್ನು ಹಿಡಿಯುವುದಾದರೂ ಹೇಗೆ? ಹೀಗೆ ಕತೆಗಾರನ ಜುಟ್ಟು ಹಿಡಿದು ಜಗ್ಗುವುದರಲ್ಲಿ ನಮಗೆ ಕತೆಗಿಂತ ಹೆಚ್ಚು ಸುಖ. ಝೋಂಬಿಗಳು ಮಧುಗಿರಿಗೇ ಬಂದರೆ ಏನು ಮಾಡುವುದೆಂದೂ ತೀರ್ಮಾನಿಸಿದ್ದೆವು. ಬೆಟ್ಟ ಹತ್ತುವುದು. ಆ ನುಣುಪು ಬಂಡೆಯನ್ನು ಬದುಕಿರುವ ನಾವೇ ಅಂಡೂರಿ ತೆವಳಿ ಹತ್ತುವಾಗ ಸತ್ತವರು ಖಂಡಿತ ಜಾರುತ್ತಾರೆ. ನನ್ನ ಮಂಡಿನೋವು ನೆನೆದು ನಸ್ರೀನ್, “ನೀವೂ ಜಾರ್ತೀರಿ ಮೇಡಂ, ನಾನು ಕೈ ಹಿಡ್ಕೋತೀನಿ,” ಎಂದು ಭರವಸೆ ಕೊಟ್ಟಿದ್ದಳು.

ನಮ್ಮ ಚರ್ಚೆಯ ಮೂರನೆಯ ಸದಸ್ಯೆ ಜುಂಜಮ್ಮ. ಈಕೆ ಬಡವನಹಳ್ಳಿಯಲ್ಲಿ ಹತ್ತುತ್ತಾಳೆ. ಅರವತ್ತು ದಾಟಿದ ಹೆಂಗಸು. ನಲವತ್ತು ವರ್ಷ ಕುರಿ ಕಾಯ್ದು, ನಡೆದೂ ನಡೆದೂ ಕಾಲು ಸೋತ ಮೇಲೆ ಕುರಿಗಳನ್ನು ಮೈದುನನಿಗೆ ವಹಿಸಿ, ಈಗ ಶಿರಾ ಹತ್ತಿರದ ನರ್ಸರಿಯಲ್ಲಿ ಕೂತು ಮೆಣಸಿನ ಸಸಿ, ಟೊಮೇಟೊ ಸಸಿ ಬೆಳೆಸುವ ಕೆಲಸಕ್ಕೆ ಹೋಗುತ್ತಾಳೆ. ಈಕೆ ಆ ಧಾರಾವಾಹಿಯನ್ನು ಒಂದು ದಿನವೂ ನೋಡಿದವಳಲ್ಲ. ನಾವು ಹೇಳಿದ್ದನ್ನು ಕೇಳಿದವಳು, ಅಷ್ಟೇ. ಆದರೆ ನಮ್ಮಿಬ್ಬರಿಗಿಂತ ದೊಡ್ಡ ಅಭಿಮಾನಿ. ಹ್ಯಾರಿಸ್ ಅವಳ ಬಾಯಲ್ಲಿ ಅರೀಶಪ್ಪ, ಮಾರ್ಟಾ ಮಾರಕ್ಕ. ಝೋಂಬಿ ಎಂಬ ಮಾತು ತಿರುಗದೆ ‘ಜೊಂಪಿನೋರು’ ಎಂದಳು. ಸತ್ತೂ ಸಾಯದೆ ಜೊಂಪು ಹತ್ತಿದವರಂತೆ ನಡೆಯುವವರು! ನಿಘಂಟು ಹಿಡಿದು ಕೂತಿದ್ದರೂ ನನಗೆ ಇಂಥ ಪದ ಹೊಳೆಯುತ್ತಿರಲಿಲ್ಲ. ಹೊಡೆದಾಟ ಅವಳಿಗೆ ಹಿಡಿಸದು. “ಅಂಗ್ಯಾಕೆ ಜಜ್ಜಬೇಕು? ಅವರ್ನೂ ಒಬ್ಬ ತಾಯಿ ಹೆತ್ತಿರಲ್ವೇನ್ರಮ್ಮ? ಒಂದೇಟ್ಗೆ ಮುಗಿಸಿ ಮಣ್ಣು ಮಾಡ್ಬೇಕಪ್ಪ,” ಎನ್ನುತ್ತಿದ್ದಳು.

ಇಷ್ಟು ಚೆನ್ನಾಗಿದ್ದ ನಮ್ಮ ನಡುವೆ ಗೇಟು ಬಂತು.

ಆ ಕಂತಿನಲ್ಲಿ ಮಾರ್ಟಾ ಔಷಧಿ ತರಲು ಹೊರಗೆ ಹೋಗಿರುತ್ತಾಳೆ. ಓಡುತ್ತ ವಾಪಸು ಬರುವಾಗ ಹಿಂದೆಯೇ ನೂರಾರು ಹೆಣಗಳು. ಅವಳು ಇನ್ನೂ ಐವತ್ತು ಹೆಜ್ಜೆ ದೂರದಲ್ಲಿರುವಾಗ ಒಳಗಿದ್ದ ಹ್ಯಾರಿಸ್ ಗೇಟು ಹಾಕಿಬಿಡುತ್ತಾನೆ. ಅವಳೇನಾದಳೆಂದು ತೋರಿಸದೆ ಕಂತು ಮುಗಿಯಿತು.

ಮರುದಿನ ಬಸ್ಸಿನಲ್ಲಿ ನಾನು ಹ್ಯಾರಿಸನ ವಕೀಲೆಯಾದೆ. ಒಬ್ಬಳಿಗಾಗಿ ನಲವತ್ತು ಜನರನ್ನು ಬಲಿಕೊಡಲು ಆಗುತ್ತದೆಯೇ? ಮುಖಂಡನಾದವನು ಎದೆ ಗಟ್ಟಿ ಮಾಡಿಕೊಳ್ಳಬೇಕು. ತರಗತಿಯಲ್ಲಿ ದಯೆ, ಕರುಣೆ ಎಂದು ಗಂಟಲು ಹರಿದುಕೊಳ್ಳುವವಳು ನಾನೇನಾ ಎಂಬಷ್ಟು ಕಠಿಣವಾಗಿ ವಾದಿಸಿದೆ.

ನಸ್ರೀನ್ ಕೆಂಪಾದಳು. “ಅವ್ಳು ಹೋಗಿದ್ದು ಯಾರಿಗೋಸ್ಕರ ಮೇಡಂ? ಒಳಗಿದ್ದೋರಿಗೆ ತಾನೆ? ನೀವು ಗೇಟಲ್ಲಿದ್ದು ನಾನು ಹೊರಗಿದ್ರೆ?”

“ಯಾರೇ ಆಗ್ಲಿ, ತಡ ಮಾಡಿದೋರು ಹೊರಗೇ. ನೀನಂತೂ ದಿನಾ ತಡ,” ಎಂದುಬಿಟ್ಟೆ.

ಮಾತು ಬಾಯಿಂದ ಬಿದ್ದ ಮೇಲೆ ಅದರ ತೂಕ ತಿಳಿಯಿತು. ನಸ್ರೀನ್ ದಿನಾ ತಡವಾಗಿ ಬರುವುದು ನಿಜ. ಹಾಸಿಗೆ ಹಿಡಿದ ಅತ್ತೆಗೆ ತಿಂಡಿ ತಿನ್ನಿಸಿ, ಬಟ್ಟೆ ಬದಲಾಯಿಸಿ ಬರಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಎದ್ದು ಹೋಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ವಾದದಲ್ಲಿ ಗೆದ್ದವಳು ನಾನಲ್ಲವೇ!

ಹತ್ತು ದಿನ ಹಾಗೇ ಹೋಯಿತು. ಅವಳು ಮುಂದೆ, ನಾನು ಹಿಂದೆ. ನಿಜವಾಗಿ ನಷ್ಟವಾದದ್ದು ಜುಂಜಮ್ಮನಿಗೆ. ಒಂದು ದಿನ ನನ್ನ ಹತ್ತಿರ, ಒಂದು ದಿನ ನಸ್ರೀನ್ ಹತ್ತಿರ ಕೂತು ಕತೆ ಕೇಳಿದಳು. ನನ್ನ ಕತೆಯಲ್ಲಿ ಗೇಟು ಹಾಕುವಾಗ ಹ್ಯಾರಿಸನ ಕಣ್ಣಲ್ಲಿ ನೀರಿತ್ತು. ನಸ್ರೀನಳ ಕತೆಯಲ್ಲಿ ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ್ದ. ನಾಲ್ಕನೆಯ ದಿನಕ್ಕೆ ಮುದುಕಿಗೆ ರೇಗಿತು.

“ನೀವಿಬ್ರೂ ಒಂದೇ ಟೀವಿ ನೋಡ್ತೀರೇನ್ರಮ್ಮ? ನಿಮ್ ಜಗಳದಾಗೆ ನನ್ ಮಾರಕ್ಕ ಬೀದಿಪಾಲಾದ್ಲು, ನೋಡು. ಅವ್ಳು ಬದುಕವ್ಳೋ ಸತ್ತವ್ಳೋ ಅಂತ ನಂಗೆ ಸಸಿ ನೆಡಾಕೆ ಕೈ ಓಡ್ತಿಲ್ಲ.”

ಮುಂದಿನ ಕಂತುಗಳನ್ನು ನಾನೂ ನೋಡಿರಲಿಲ್ಲ. ಯಾರೊಂದಿಗೂ ಮಾತಾಡುವಂತಿಲ್ಲದ ಮೇಲೆ ದಿಂಬಿನ ಹಿಂದೆ ಒಬ್ಬಳೇ ಕೂತು ಹೆದರುವುದರಲ್ಲಿ ಏನು ಸುಖ?

ಹನ್ನೊಂದನೆಯ ದಿನ ಸೋಮವಾರ. ಬಸ್ಸು ತುಂಬಿತ್ತು. ಎಂಟೂ ಹತ್ತಾಯಿತು, ನಸ್ರೀನ್ ಬರಲಿಲ್ಲ. ನಾನು ಕಿಟಕಿಯಾಚೆ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಕ್ಟರ್ ಪಾವಗಡದ ಕಡೆಯವನು. ಒಂದು ಕಾಲು ಕನ್ನಡದಲ್ಲಿ, ಒಂದು ಕಾಲು ತೆಲುಗಿನಲ್ಲಿ ಇಟ್ಟುಕೊಂಡಿರುತ್ತಾನೆ. “ಟೈಮ್ ಅಯಿಪೋಯಿಂದಿ, ರೈಟ್!” ಎಂದ. ಬಸ್ಸು ಹೊರಟಿತು. ಆಗ ನಿಲ್ದಾಣದ ಆ ತುದಿಯಲ್ಲಿ ಕಂಡಳು. ಒಂದು ಕೈಯಲ್ಲಿ ಊಟದ ಚೀಲ, ಇನ್ನೊಂದು ಕೈಯಲ್ಲಿ ಬುರ್ಖಾದ ಅಂಚು ಎತ್ತಿ ಹಿಡಿದು ಓಡಿಬರುತ್ತಿದ್ದಳು. ಅವಳ ಹಿಂದೆ ಒಂದು ನಾಯಿಯೂ ಇರಲಿಲ್ಲ, ಹೆಣಗಳ ಮಾತಿರಲಿ. ಆದರೂ ನಾನು ಅವಳ ಹೆಜ್ಜೆ ಎಣಿಸತೊಡಗಿದೆ.

ನಾನು ಎದ್ದದ್ದು, ಜನರನ್ನು ನೂಕಿಕೊಂಡು ಬಾಗಿಲಿಗೆ ಬಂದದ್ದು ನನಗೇ ನೆನಪಿಲ್ಲ. “ನಿಲ್ಸಪ್ಪಾ! ನಿಲ್ಸು!” ಎಂದು ತಗಡು ಬಡಿದೆ.

“ಮೇಡಂ, ಲೇಟಾಗ್ತದೆ. ಒಳಗೆ ನಲವತ್ತೈವತ್ತು ಮಂದಿ ಇದಾರೆ,” ಎಂದ ಕಂಡಕ್ಟರ್.

“ಇರ್ಲಿ. ಅಷ್ಟು ಜನವೂ ಎರಡು ನಿಮಿಷ ಕಾಯ್ತಾರೆ. ಹೊರಗಿರೋಳು ಒಬ್ಳೇ!”

ಬಸ್ಸು ನಿಂತಿತು. ನಸ್ರೀನ್ ಹತ್ತಿರ ಬಂದಾಗ ಕೈ ಚಾಚಿ ಎಳೆದುಕೊಂಡೆ. ಅವಳು ಏದುಸಿರು ಬಿಡುತ್ತ ನನ್ನ ಮುಖ ನೋಡಿದಳು. ನಾನು ಬಾಗಿಲಲ್ಲಿ ನಿಂತಿರುವುದನ್ನೂ ನೋಡಿದಳು. ಇಬ್ಬರಿಗೂ ಒಂದೇ ಸಲ ನಗು ಬಂತು. ನಿಲ್ಲದ ನಗು. ಕಂಬಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

“ಹ್ಯಾರಿಸ್ ಸಾಹೇಬ್ರು ಗೇಟು ತೆಗೆದ್ರು,” ಎಂದಳು.

“ಹ್ಯಾರಿಸ್ ಸಾಹೇಬರದು ತಪ್ಪಾಯ್ತು. ನಿಮ್ಮತ್ತೆ ಹೆಂಗಿದಾರೆ?” ಎಂದು ಕೇಳಿದೆ. ಹತ್ತು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಬಸ್ಸಿನ ಗದ್ದಲದಲ್ಲಿ ಎಷ್ಟು ಸಲೀಸಾಗಿ ಹೊರಬಂತು!

ಬಡವನಹಳ್ಳಿಯಲ್ಲಿ ಜುಂಜಮ್ಮ ಹತ್ತಿದಾಗ ನಾವಿಬ್ಬರೂ ಒಂದೇ ಸೀಟಿನಲ್ಲಿದ್ದೆವು. ಮುದುಕಿಯ ಮುಖ ಅರಳಿತು. ನಮ್ಮ ನಡುವೆಯೇ ಜಾಗ ಮಾಡಿಕೊಂಡು ಕೂತು, ನಡೆದದ್ದನ್ನೆಲ್ಲ ಕೇಳಿದಳು. ಹಾಗಾದರೆ ಹ್ಯಾರಿಸ್ ಮಾಡಿದ್ದು ತಪ್ಪೇ ಎಂದಾಯಿತಲ್ಲ ಎಂದು ನಸ್ರೀನ್ ತೀರ್ಪು ಕೊಡಹೋದಳು. ಜುಂಜಮ್ಮ ತಲೆ ಆಡಿಸಿದಳು.

“ಅಂಗಲ್ಲ ಕಣಮ್ಮ. ತೋಳ ಬಂದಾಗ ಕುರಿ ರೊಪ್ಪಕ್ಕೆ ತಡಿಕೆ ಬಾಗ್ಲು ಹಾಕ್ಲೇಬೇಕು, ಇಲ್ದಿದ್ರೆ ಒಂದ್ ಕುರೀನೂ ಉಳಿಯಾಕಿಲ್ಲ. ನಾನು ಹೊಸದಾಗಿ ಮದ್ವೆ ಆಗಿ ಬಂದಾಗ ಬುಕ್ಕಾಪಟ್ಣದ್ ಹುಲ್ಲುಗಾವಲ್ನಾಗೆ ಹಿಂಗೇ ಆಯ್ತು. ತಪ್ಪಿಸ್ಕಂಡಿದ್ದ ಮರಿ ಹುಡುಕ್ತಾ ನಾನು ಹೊರಗುಳಿದ್ಬುಟ್ಟೆ. ತೋಳ ಬಂದ್ಬುಡ್ತು. ನಮ್ಮತ್ತೆ ಏನ್ ಮಾಡಿದ್ಲು ಗೊತ್ತಾ? ದಬಕ್ಕನೆ ತಡಿಕೆ ಹಾಕಿದ್ಲು.”

“ಹಾಕೇಬಿಟ್ರಾ?” ಎಂದು ನಸ್ರೀನ್ ಬಾಯಿಬಿಟ್ಟಳು.

“ಹಾಕಿದ್ಲು. ಹೊರಗೆ ನಿಂತ್ಕಂಡು ಹಾಕಿದ್ಲು. ಕೋಲು ಹಿಡ್ಕಂಡು, ‘ಬಾರೇ ಜುಂಜೀ’ ಅಂತ ಕೂಗ್ತಾ ನನ್ ಕಡೀಕೇ ಬಂದ್ಲು. ಗೇಟು ಹಾಕಿದ್ದು ತಪ್ಪಲ್ಲ ಕಣವ್ವ. ನಿಮ್ ಅರೀಶಪ್ಪ ಹಾಕುವಾಗ ಯಾವ ಕಡೆ ನಿಂತಿದ್ದ, ಅದ್ನ ಕೇಳು.”

ಹತ್ತು ದಿನದ ಜಗಳದಲ್ಲಿ, ಗೇಟಿಗೆ ಇನ್ನೊಂದು ಕಡೆಯೂ ಉಂಟೆಂದು ಎಂ.ಎ. ಮಾಡಿದ ನನಗಾಗಲಿ, ಬಿ.ಎಸ್ಸಿ. ಮಾಡಿದ ಅವಳಿಗಾಗಲಿ ಹೊಳೆದಿರಲಿಲ್ಲ. ತೆಗೆಯಬೇಕೋ ಹಾಕಬೇಕೋ ಎಂದು ಒಳಗೆ ಕೂತೇ ವಾದಿಸಿದ್ದೆವು. ಜುಂಜಮ್ಮನ ಆ ಅತ್ತೆಯ ಮುಖ ನಾನು ಕಂಡಿಲ್ಲ. ಆದರೂ ಆ ದಿನ ಎರಡನೇ ಪೀರಿಯಡ್ಡಿನಲ್ಲಿ ಕರುಣೆಯ ಬಗ್ಗೆ ಪಾಠ ಮಾಡುವಾಗ ಅವಳೇ ಕಣ್ಣೆದುರು ನಿಂತಿದ್ದಳು. ಪಾಠ ಚೆನ್ನಾಯಿತು.

ಮುಂದಿನ ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದೆ. ಜುಂಜಮ್ಮನಿಗೆ ಮಾರಕ್ಕನನ್ನು ಕಣ್ಣಾರೆ ತೋರಿಸಬೇಕೆಂಬುದು ನಮ್ಮ ಆಸೆ. ಉಳಿದ ಕಂತುಗಳನ್ನು ನಾವು ಬೇಕೆಂದೇ ನೋಡದೆ ಉಳಿಸಿಕೊಂಡಿದ್ದೆವು. ಮುದುಕಿ ಹೊಸ ಸೀರೆಯುಟ್ಟು ಬಂದು, ಸೋಫಾ ಬೇಡವೆಂದು ನೆಲದ ಮೇಲೆ ಕೂತಳು. ಟೀವಿ ಹಾಕಿದೆವು. ಮಾರ್ಟಾ ಬದುಕಿದ್ದಳು! ಒಂದು ಲಾರಿಯ ಅಡಿಯಲ್ಲಿ ಅಡಗಿದ್ದಳು. ನಾವು ಚಪ್ಪಾಳೆ ತಟ್ಟಿದೆವು.

ಜುಂಜಮ್ಮ ಮಾತ್ರ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. “ಇವ್ಳಾ ಮಾರಕ್ಕ? ಇಷ್ಟು ಬಡಕ್ಲಾ? ನಮ್ಮ ಮಾರಕ್ಕ ಗಟ್ಟಿಗಿತ್ತಿ, ಎತ್ತರದ ಹೆಂಗ್ಸು,” ಎಂದಳು. ಹ್ಯಾರಿಸನಿಗೆ ಮೀಸೆ ಇಲ್ಲದ್ದು ಅವಳಿಗೆ ಸಹಿಸಲೇ ಆಗಲಿಲ್ಲ. ಹೆಣಗಳನ್ನು ನೋಡಿ ಅಯ್ಯೋ ಪಾಪ ಎಂದಳು. ಹತ್ತು ನಿಮಿಷ ಕಳೆದ ಮೇಲೆ ನನ್ನ ಸೆರಗು ಜಗ್ಗಿದಳು.

“ಮೇಡಮ್ಮ, ಇದು ಬ್ಯಾಡ. ಆರ್ಸ್ಬುಡು. ನೀವೇ ಯೋಳ್ರಿ.”

ಟೀವಿ ಆರಿಸಿದೆ. ನಸ್ರೀನ್ ಎದ್ದು ಮಾರಕ್ಕನಾದಳು. ನಮ್ಮ ಊಟದ ಮೇಜು ಲಾರಿಯಾಯಿತು. ಹ್ಯಾರಿಸನಿಗೆ ಮೀಸೆ ಬಂತು. ಜೊಂಪಿನವರ ಪಾತ್ರ ಮಾಡಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದು ನನ್ನ ಪಾಲಿಗೆ ಬಂತು. ಕೂದಲು ಬಿಚ್ಚಿ, ಕೈ ಮುಂದಕ್ಕೆ ಚಾಚಿ, ಮಂಡಿನೋವಿನ ಕಾಲನ್ನು ಎಳೆಯುತ್ತ, ಗೊರಗೊರ ಸದ್ದು ಮಾಡುತ್ತ ನಡುಮನೆಯಲ್ಲಿ ಸುತ್ತಿದೆ. ನಾನು ಪೂರ್ತಿ ಕಣ್ಣು ಬಿಟ್ಟೇ ಅನುಭವಿಸಿದ ಮೊದಲ ಹೊಡೆದಾಟ ಅದು. ಜುಂಜಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ, “ಓಡೇ ಮಾರಕ್ಕ, ಓಡು, ಬಂತು ನೋಡು!” ಎಂದು ಕೂಗುತ್ತಿದ್ದಳು.

ಅದೇ ಹೊತ್ತಿಗೆ ಮೊಸರು ತರಲು ಹೋಗಿದ್ದ ನಮ್ಮ ಯಜಮಾನರು ಬಾಗಿಲಲ್ಲಿ ನಿಂತರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಒಂದು ಕ್ಷಣ ನೋಡಿದರು. ಮೊಸರಿನ ಪಾತ್ರೆಯನ್ನು ಮೆಲ್ಲಗೆ ಹೊಸ್ತಿಲ ಒಳಗಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡರು. ಹೊರಗೆ ನಿಂತುಕೊಂಡು.