ರೇಣುಕಾ ಓದಿದ ಎರಡು ಪುಟ

ದೆವ್ವ ಕಂಡೆ, ಪವಾಡ ಕಂಡೆ ಎಂದು ಯಾರಾದರೂ ಬಂದರೆ ಕಣ್ಣಿನ ಡಾಕ್ಟರರ ವಿಳಾಸ ಕೊಟ್ಟು ಕಳಿಸುವ ಹೆಂಗಸು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಹೇಳಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ನಾನೇ ನಗುತ್ತಿದ್ದೆ. ನೀವೂ ನಕ್ಕರೆ ನನಗೇನೂ ಬೇಜಾರಿಲ್ಲ.

ಕೊಪ್ಪಳದ ನಮ್ಮ ಮನೆಯಲ್ಲಿ ನಾನು ಟ್ಯೂಷನ್ ಹೇಳುತ್ತೇನೆ. ಹಿಂಡುಗಟ್ಟಲೆ ಮಕ್ಕಳನ್ನು ಕೂಡಿಸಿಕೊಳ್ಳುವುದಿಲ್ಲ. ಒಂದು ತಾಸಿಗೆ ಒಂದೇ ಮಗು. ಎಂಟು ವರ್ಷದ ಹಿಂದೆ ಹಾಗೆ ಬಂದವಳು ರೇಣುಕಾ, ಮೂರನೇ ತರಗತಿ. ಮಾತಿಗೆ ನಿಂತರೆ ಅರಳು ಹುರಿದಂತೆ. ಬಾಯಿಲೆಕ್ಕವನ್ನು ನನಗಿಂತ ಮೊದಲು ಮುಗಿಸಿ ನನ್ನ ಮುಖ ನೋಡುತ್ತಿದ್ದಳು. ಆದರೆ ಪುಸ್ತಕ ತೆರೆದರೆ ಮುಗಿಯಿತು, ಬಾಯಿಗೆ ಬೀಗ.

"ಅಕ್ಷರ ಒಂದ್ ಕಡೆ ನಿಂದ್ರಂಗಿಲ್ರಿ ಅಕ್ಕೋರ, ಓಡ್ಯಾಡ್ತಾವು" ಎನ್ನುತ್ತಿದ್ದಳು.

ಕಣ್ಣಿಗೆ ಹತ್ತದ್ದು ಬೆರಳಿಗಾದರೂ ಹತ್ತಲಿ ಎಂದು ನಾನು ಸ್ಟೀಲ್ ತಟ್ಟೆಯಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರಡಿ, ಅದರ ಮೇಲೆ ಅಕ್ಷರ ತಿದ್ದಿಸುತ್ತಿದ್ದೆ. ನಮ್ಮತ್ತೆಗೆ ಅದೊಂದು ತಮಾಷೆ. "ಇವತ್ತ ಕ ರೊಟ್ಟಿ ಬಡೀಲೋ, ಖ ರೊಟ್ಟಿ ಬಡೀಲೋ?" ಎಂದು ದಿನಾ ಕಾಡಿಸುತ್ತಿದ್ದರು. ಐದು ತಿಂಗಳು ತಿದ್ದಿಸಿದರೂ ನಾವು ಒತ್ತಕ್ಷರದವರೆಗೆ ಹೋಗಲೇ ಇಲ್ಲ.

ಅವಳಪ್ಪ ಪಾತ್ರೆ ಅಂಗಡಿ ಇಟ್ಟವನು. ಕೆಟ್ಟ ಮನುಷ್ಯನಲ್ಲ, ಆದರೆ ಬೇಸತ್ತಿದ್ದ. "ತೆಲಿಗೆ ಹತ್ತದ್ದನ್ನ ಎಷ್ಟಂತ ತುರುಕೋದ್ರಿ ಅಕ್ಕೋರ? ಕುಷ್ಟಗಿಯಾಗ ನನ್ನ ತಂಗಿ ಹಡದಾಳ. ಅಲ್ಲೇ ಕೂಸು ಆಡಿಸ್ಕೊಂತ ಇರ್ಲಿ ಬಿಡ್ರಿ" ಎಂದ. ಬುಧವಾರದ ಪಾಠವೇ ಕೊನೆಯದು. ಗುರುವಾರ ಮುಂಜಾನೆಯ ಬಸ್ಸಿಗೆ ಅವಳು ಹೊರಡುವುದೆಂದು ನಿಶ್ಚಯವಾಯಿತು. ಎಂಟು ವರ್ಷದ ಹುಡುಗಿ ಹಾಗೆ ಹೋದರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದುಂಟೇ? ಎರಡು ದಿನ ನನಗೆ ಊಟ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ಪೇಟೆಯಿಂದ ಅವಳಿಗೆಂದು ಒಂದು ಹೊಸ ಕಥೆ ಪುಸ್ತಕ ತಂದೆ. ಗುಬ್ಬಿಯೊಂದು ಗೂಡು ಕಟ್ಟುವ ಕಥೆ. ಅಂಗಡಿಯವನು ಕಟ್ಟಿಕೊಟ್ಟ ಕಾಗದವನ್ನು ನಾನೂ ಬಿಚ್ಚಿರಲಿಲ್ಲ. ಸಂಜೆ ಏಳರ ಹೊತ್ತಿಗೆ, ತಟ್ಟೆಯಲ್ಲಿ ತಿದ್ದುವುದು ಮುಗಿದ ಮೇಲೆ, ರೇಣುಕಾಳೇ ಅದನ್ನು ಬಿಚ್ಚಿದಳು. ಹಿಟ್ಟು ಹತ್ತಿದ ಬೆರಳನ್ನು ಮೊದಲ ಸಾಲಿನ ಕೆಳಗಿಟ್ಟಳು. "ಒಂದು... ಒಂದು ಊ..." ಅಲ್ಲಿಗೇ ನಿಂತಳು. ಎಷ್ಟು ಹೊತ್ತಾದರೂ ಮುಂದೆ ಹೋಗಲಿಲ್ಲ.

ಆಗ ಕರೆಂಟ್ ಹೋಯಿತು. ನಮ್ಮ ನಡುಮನೆಗೆ ಕಿಟಕಿಯಿಲ್ಲ. ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲೆ. ಅಡುಗೆಮನೆಯಲ್ಲಿದ್ದ ಮೊಬೈಲ್ ತರೋಣವೆಂದು ಅರ್ಧ ಎದ್ದಿದ್ದೆ. ರೇಣುಕಾ ಓದತೊಡಗಿದಳು.

ತಡವರಿಸದೆ, ಅವಸರಪಡದೆ ಓದಿದಳು. "ಕೊಕ್ಕಿನಲ್ಲಿ", "ಹುಲ್ಲುಕಡ್ಡಿ", "ಪುಟ್ಟ ರೆಕ್ಕೆ" ಎಲ್ಲವೂ ನೆಟ್ಟಗೆ ಬಂದವು. ನಾನು ಎದ್ದವಳು ಎದ್ದಂತೆಯೇ ನಿಂತೆ. ಪುಟ ಮಗುಚಿದ ಸದ್ದು ಕೇಳಿಸಿತು, ಮತ್ತೆ ಅದೇ ದನಿ. ಮೈಯೆಲ್ಲ ಝುಮ್ಮೆಂದಿತು. ಹೆದರಿಕೆಯಲ್ಲ, ದೇವರಾಣೆ ಹೆದರಿಕೆಯಲ್ಲ. ಗುಡಿಯಲ್ಲೂ ಅವಸರದಲ್ಲಿ ಕೈಮುಗಿದು ಹೊರಬರುವವಳು ನಾನು. ಆ ಕತ್ತಲೆಯಲ್ಲಿ ನನ್ನ ಕೈಗಳು ತಾವಾಗಿಯೇ ಕೂಡಿಕೊಂಡಿದ್ದವು. ಒಂದು ಉಸಿರು ಜೋರಾಗಿ ಬಿಟ್ಟರೂ ಅವಳು ನಿಲ್ಲಿಸಿಬಿಡುತ್ತಾಳೇನೋ ಅನ್ನಿಸಿತ್ತು.

ಕರೆಂಟ್ ಬಂದಾಗ ಅವಳು ಎರಡನೇ ಪುಟದ ಕೊನೆಯಲ್ಲಿದ್ದಳು. ಬಾಗಿಲಲ್ಲಿ ಅವಳಪ್ಪ ನಿಂತಿದ್ದ. ಮಗಳನ್ನು ಕರೆದೊಯ್ಯಲು ಬಂದವನು, ಒಂದೇ ಚಪ್ಪಲಿ ಬಿಚ್ಚಿ, ಇನ್ನೊಂದನ್ನು ಮರೆತು ನಿಂತುಬಿಟ್ಟಿದ್ದ.

"ನಮ್ಮ ರೇಣಿ ಓದಿದ್ದೇನ್ರಿ ಅದು?"

"ಹೌದ್ರಿ."

"ಬಾಯಿಪಾಠ ಮಾಡ್ಯಾಳನ್ರಿ?"

"ಇಲ್ರಿ, ಪುಸ್ತಕ ಇವತ್ತ ಬಂದದ್ದು. ಓದಾಕ ಬರ್ತೈತ್ರಿ ಆಕಿಗೆ. ಇನ್ನೊಂದ್ ವರ್ಷ ನನ್ನ ಕೈಯಾಗ ಬಿಡ್ರಿ" ಎಂದೆ. ಓದಲು ಬರುತ್ತದೆ ಎಂದದ್ದು ಸುಳ್ಳು ಎಂದು ನನಗೆ ಗೊತ್ತಿತ್ತು. ಸುಳ್ಳಲ್ಲ ಎಂಬುದನ್ನೂ ಆಗಷ್ಟೇ ಕಿವಿಯಾರೆ ಕೇಳಿದ್ದೆ. ಅವನು ಮಗಳ ತಲೆಯ ಮೇಲೆ ಕೈಯಿಟ್ಟು, "ನಾಳೆ ಕುಷ್ಟಗಿಗೆ ಬ್ಯಾಡ ಬಿಡವ್ವಾ" ಎಂದ. ಅವನ ಕಣ್ಣುಗಳು ತುಂಬಿದ್ದವು.

ಅವರು ಹೋದ ಮೇಲೆ ನಾನು ಪುಸ್ತಕ ತೆರೆದೆ. ಅವಳು ಅಂದದ್ದೆಲ್ಲ ಅಕ್ಷರಕ್ಕೆ ಅಕ್ಷರ ಅಲ್ಲಿತ್ತು. ಪ್ರತಿ ಸಾಲಿನ ಕೆಳಗೂ ಹಿಟ್ಟಿನ ಸಣ್ಣ ಗೆರೆ, ಎಲ್ಲೂ ಸೊಟ್ಟಗಾಗಿರಲಿಲ್ಲ. ಕಣ್ಣು ಮುಚ್ಚಿ ನನ್ನ ಬೆರಳನ್ನೂ ಆಡಿಸಿ ನೋಡಿದೆ. ಬರೀ ನುಣುಪು ಕಾಗದ.

ಮರುದಿನ ನಾನು ಮಾಡಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೆಳಕಿನಲ್ಲಿ ಅವಳು ಮತ್ತೆ "ಒಂದು ಊ..." ಎಂದು ನಿಂತಾಗ, ನಾನು ದೀಪ ಆರಿಸಿ, "ಈಗ ಓದು ನೋಡೋಣ" ಎಂದೆ. "ಏನೂ ಕಾಣವಲ್ದು ಅಕ್ಕೋರ" ಎಂದು ಕೂಸು ಗೋಳೋ ಎಂದು ಅತ್ತಿತು. ಪರೀಕ್ಷೆ ಅಲ್ಲಿಗೇ ನಿಲ್ಲಿಸಿದೆ, ಆ ಸಂಜೆಯ ಮಾತನ್ನೇ ಅವಳೆದುರು ಎತ್ತಲಿಲ್ಲ. ಮತ್ತೆ ತಟ್ಟೆ, ಮತ್ತೆ ಹಿಟ್ಟು. ಅವಳಪ್ಪನಿಗೆ ನಾನು ಹೇಳಿದ ಮಾತು ನಿಜವಾಗಲು ಒಂದೂವರೆ ವರ್ಷ ಹಿಡಿಯಿತು.

ಹೇಮಗುಡ್ಡದ ದೇವಿ ದುರ್ಗಮ್ಮನೇ ಓದಿಸಿದಳು ಎಂದು ಅವಳ ತಾಯಿ ಹೇಳುತ್ತಾಳೆ. ನನ್ನ ಗಂಡ, ನಿನಗೇ ಆ ಹೊತ್ತಿಗೆ ನಿದ್ದೆ ಹತ್ತಿತ್ತು ಎನ್ನುತ್ತಾನೆ. ನನಗೆ ಎರಡೂ ಒಪ್ಪಿಗೆಯಿಲ್ಲ, ಮೂರನೆಯದು ತಿಳಿದಿಲ್ಲ.

ರೇಣುಕಾ ಈಗ ಪಿಯುಸಿ. ಹೋದ ತಿಂಗಳು ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ ಕೂತಿದ್ದಾಗ, ಇಷ್ಟು ವರ್ಷ ತಡೆದಿದ್ದ ಮಾತು ಬಾಯಿಂದ ಜಾರಿತು. "ಗುಬ್ಬಿ ಕತಿ ಓದಿದ ದಿನ, ಕರೆಂಟ್ ಹೋದಾಗ, ಅಷ್ಟ ಕತ್ತಲಾಗ ಹೆಂಗ ಓದಿದ್ಯವ್ವಾ?"

ಅವಳು ಕಪ್ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅವತ್ತ ಕರೆಂಟ್ ಎಲ್ಲಿ ಹೋಗಿತ್ರಿ ಅಕ್ಕೋರ?"