ಅರಮನೆ ಗೇಟಿನ ಹೊರಗೆ ನಾಲ್ಕು ಹಾಟ್‌ಬಾಕ್ಸ್

ಎಡಗಡೆಯೋ, ಬಲಗಡೆಯೋ? ಹಿಂದೆ ಸವಾರರು ಕುದುರೆ ಸಮೇತ ಹತ್ತುತ್ತಿದ್ದ ಮೆಟ್ಟಿಲು ಪ್ರಾಗ್ ನಗರದ ಅರಮನೆಯ ದೊಡ್ಡ ಹಜಾರದ ಯಾವ ಕಡೆಗಿದೆ? ಹೋದ ವರ್ಷ ರಾಣೆಬೆನ್ನೂರಿನ ಮೇಷ್ಟ್ರೊಬ್ಬರು ಎಡಕ್ಕೆ ಅಂದಿದ್ದರು. ಅದರ ಹಿಂದಿನ ವರ್ಷ ಬ್ಯಾಂಕಿನ ಮೇಡಂ ಬಲಕ್ಕೆ ಅಂದಿದ್ದರು. ಮನೆಯಲ್ಲಿ ತಾನು ಎಡಕ್ಕೆ ಎಂದೇ ಹೇಳಿಕೊಂಡು ಬಂದಿದ್ದಾಗಿದೆ. ಅದೇನಾದರೂ ಬಲಕ್ಕಿದ್ದರೆ?

ರವೆ ತಳ ಹಿಡಿಯುವ ವಾಸನೆ ಬರುತ್ತದೆ. ಆಂಜಿನಪ್ಪ ಉರಿ ಸಣ್ಣ ಮಾಡಿ, ಉದ್ದ ಹಿಡಿಯ ಸಟ್ಟುಗದಿಂದ ಬಾಣಲೆಯ ತಳ ಕೆರೆದು ಮೇಲೆ ಕೆಳಗೆ ಮಾಡುತ್ತಾರೆ.

ಬೆಳಗಿನ ಐದೂವರೆ. ದೊಡ್ಡನೆಕ್ಕುಂದಿಯ ಹಳೇ ಊರಿನಲ್ಲಿ, ಎರಡು ಪಿ.ಜಿ. ಕಟ್ಟಡಗಳ ನಡುವೆ ಉಳಿದಿರುವ ಶೀಟಿನ ಶೆಡ್ಡು. ರಾತ್ರಿ ಪಾಳಿಯವರನ್ನು ಇಳಿಸಿದ ಕಂಪನಿ ಕ್ಯಾಬ್‌ಗಳು ಸಂದಿಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸಿಕೊಳ್ಳುತ್ತಿವೆ. ಒಳಗೆ ಹುರಿದ ರವೆ, ಪುಳಿಯೋಗರೆ ಗೊಜ್ಜು, ಶೇಂಗಾ ಚಟ್ನಿಪುಡಿ, ಪೇಪರ್ ಸುತ್ತಿದ ಕಡಕ್ ಜೋಳದ ರೊಟ್ಟಿಯ ಕಟ್ಟುಗಳು. ಎಲ್ಲವೂ ಬರುವ ಗುರುವಾರ ವಿಮಾನ ಹತ್ತಬೇಕು.

ಆಂಜಿನಪ್ಪನವರಿಗೆ ಈಗ ನಲವತ್ತೊಂಬತ್ತು. ಅವರು ಟೂರ್ ಅಡುಗೆಯವರು. ಯೂರೋಪ್ ಪ್ರವಾಸಕ್ಕೆ ಹೋಗುವ ಕನ್ನಡದ ಗುಂಪುಗಳ ಜೊತೆ ಹೋಗಿ, ಅಲ್ಲಿನ ಹೋಟೆಲಿನವರು ಬಿಟ್ಟುಕೊಟ್ಟ ಮೂಲೆಯಲ್ಲಿ ಅಡುಗೆ ಮಾಡಿ ಬಡಿಸುವುದು ಕೆಲಸ. ಗುಂಪಿನಲ್ಲಿ ನಲವತ್ತು, ನಲವತ್ತೆರಡು ಜನ. ಹೆಚ್ಚಿನವರು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ದಾವಣಗೆರೆ, ಹಾವೇರಿ ಕಡೆಯ ಕುಟುಂಬಗಳು, ನಿವೃತ್ತರೇ ಜಾಸ್ತಿ. ಹನ್ನೊಂದು ರಾತ್ರಿ, ಐದು ದೇಶ. ಅಲ್ಲಿ ಆಂಜಿನಪ್ಪ ಏಳುವುದು ಮೂರೂವರೆಗೆ. ಹೋಟೆಲಿನ ತಿಂಡಿ ಶುರುವಾಗುವ ಮೊದಲು, ಆರರೊಳಗೆ, ಉಪ್ಪಿಟ್ಟೂ ಮಧ್ಯಾಹ್ನದ ಅನ್ನ ಸಾರೂ ಮುಗಿದು ಒಲೆ ಒರೆಸಿರಬೇಕು.

ಶೆಡ್ಡಿನ ಮೂಲೆಯಲ್ಲಿ ಒಂಬತ್ತು ಪ್ಲಾಸ್ಟಿಕ್ ಬಾಟಲಿಗಳಿವೆ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಮುಳುಗಿವೆ. ಅದು ಒಗ್ಗರಣೆ. ಯೂರೋಪಿನಲ್ಲಿ ಆಂಜಿನಪ್ಪ ಒಗ್ಗರಣೆ ಹಾಕುವುದಿಲ್ಲ. ಇಲ್ಲೇ ಹಾಕಿ, ಆರಿಸಿ, ಬಾಟಲಿಗೆ ತುಂಬಿ ಒಯ್ಯುತ್ತಾರೆ.

“ಎರಡನೇ ಟೂರಲ್ಲಿ ಆಗಿದ್ದು ಸಾರ್. ನಾಕೂವರೆ ಗಂಟೆ. ಮೆಣಸಿನಕಾಯಿ ಎಣ್ಣೆಗೆ ಬಿದ್ದಿದ್ದೇ ತಡ, ಆ ಘಾಟಿಗೆ ಬೆಂಕಿ ಗಂಟೆ ಬಡ್ಕೊಳ್ತು. ಇಡೀ ಹೋಟ್ಲು ನೈಟಿ, ಚಡ್ಡೀಲಿ ರಸ್ತೆಗೆ ಬಂದು ನಿಂತ್ಕೊಳ್ತು. ಫೈರ್ ಇಂಜಿನ್ನೂ ಬಂತು. ಒಳಗೆ ಬಂದೋರು ಬಾಣಲೆ ನೋಡ್ತಾರೆ, ನನ್ನ ನೋಡ್ತಾರೆ. ನಮ್ಮೋರು ಮಾತ್ರ ಚಳೀಲಿ ನಿಂತು, ‘ಆಂಜಿನಪ್ಪ, ಸಾರು ಸಿದ್ಧ ಆಯ್ತಾ?’ ಅಂತವ್ರೆ.”

ನಗುವಾಗ ಅವರ ಕೈ ನಿಲ್ಲುವುದಿಲ್ಲ. ಪತ್ರಿಕೆಗೆಂದು ಕೇಳುವ ಪ್ರಶ್ನೆಗಳಲ್ಲಿ ಉತ್ತರಿಸಲು ಇಷ್ಟವಿಲ್ಲದ್ದು ಬಂದರೆ ಮಾತ್ರ ಬಗ್ಗಿ ಉರಿ ನೋಡುತ್ತಾರೆ. ಎರಡು ತಾಸಿನಲ್ಲಿ ಹಾಗೆ ಮೂರು ಸಲ ಬಗ್ಗುತ್ತಾರೆ.

ಅವರ ತಂದೆಗೆ ಇಲ್ಲೇ ಎರಡೆಕರೆ ಇತ್ತು. ಈಗ ಅಲ್ಲಿ ಟೆಕ್ ಪಾರ್ಕಿನ ಕಾರುಗಳು ನಿಲ್ಲುತ್ತವೆ. ಅಣ್ಣಂದಿರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಕಿರಿಯರಾದ ಆಂಜಿನಪ್ಪ ಹದಿನೆಂಟಕ್ಕೆ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರ ಕ್ಯಾಂಟೀನು ಸೇರಿದರು. ಇನ್ನೂರು ಜನಕ್ಕೆ ಒಂದೇ ರುಚಿ ಬರುವ ಹಾಗೆ ಸಾರು ಕುದಿಸುವುದನ್ನು ಅಲ್ಲಿ ಕಲಿತರು. ಕಾರ್ಖಾನೆ ಬೇರೆ ಕಡೆ ಹೋಯಿತು. ಅಪಾರ್ಟ್‌ಮೆಂಟುಗಳ ಗೃಹಪ್ರವೇಶಗಳಿಗೆ ಅಡುಗೆ ಮಾಡುತ್ತಿದ್ದಾಗ, ಪ್ರವಾಸ ಕಂಪನಿಯ ಮ್ಯಾನೇಜರ್ ಭಾನುಪ್ರಕಾಶ್ ಊಟ ಮಾಡಿ ಎದ್ದವರೇ, “ಅಣ್ಣ, ಪಾಸ್‌ಪೋರ್ಟ್ ಮಾಡಿಸ್ಕೊಳ್ಳಿ” ಅಂದರಂತೆ. ಕೋವಿಡ್‌ನ ಎರಡು ವರ್ಷ ಪಿ.ಜಿ. ಹುಡುಗರಿಗೆ ಚಿತ್ರಾನ್ನ ಕಲೆಸಿದ್ದು ಬಿಟ್ಟರೆ, ಆವತ್ತಿನಿಂದ ಇದೇ ಕೆಲಸ.

ಪ್ರಾಗ್‌ಗೆ ಹನ್ನೊಂದು ಸಲ ಹೋಗಿದ್ದಾರೆ. ಅಲ್ಲಿ ಗುಡ್ಡದ ಮೇಲೆ ಒಂದೇ ಕೋಟೆಯೊಳಗೆ ಹಳೆಯ ಅರಮನೆಯೂ ಕೆಥೆಡ್ರಲ್ ಎಂಬ ದೊಡ್ಡ ಚರ್ಚೂ ಇವೆ. ಬಸ್ಸು ಗೇಟಿನ ಹತ್ತಿರ ಜನರನ್ನು ಇಳಿಸಿ ದೂರ ಹೋಗಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯವರಿಗೆ ಹನ್ನೆರಡೂವರೆಗೆ ಊಟ ಆಗಲೇಬೇಕು. ಹಾಗಾಗಿ ಆಂಜಿನಪ್ಪ ನಾಲ್ಕು ಹಾಟ್‌ಬಾಕ್ಸ್ ಇಳಿಸಿಕೊಂಡು ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಅಷ್ಟು ದೊಡ್ಡ ಡಬ್ಬಿಗಳನ್ನು ಒಳಗೆ ಬಿಡುವುದಿಲ್ಲ. ಹೊರಗಿನಿಂದ ಕಾಣುವುದು ಗೋಪುರದ ತುದಿ. ಕೇಳುವುದು ಗಂಟೆ.

ಒಳಗಿನದೆಲ್ಲ ಊಟದ ಹೊತ್ತಿಗೆ ಅವರ ಬಳಿಗೆ ಬರುತ್ತದೆ. ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ ಒಬ್ಬರು ನೀಲಿ, ಕೆಂಪು ಗಾಜಿನ ಕಿಟಕಿ ಅನ್ನುತ್ತಾರೆ. ಉಪ್ಪಿನಕಾಯಿ ಕೇಳುತ್ತ ಇನ್ನೊಬ್ಬರು ಬೆಳ್ಳಿಯ ಸಮಾಧಿ ಅನ್ನುತ್ತಾರೆ. ಬೆಳ್ಳಿಯ ತೂಕ ಪ್ರತಿ ವರ್ಷ ಬದಲಾಗುತ್ತದೆ. ಆಂಜಿನಪ್ಪ ಕೇಳಿಸಿಕೊಳ್ಳುತ್ತಾರೆ, ಊರಿಗೆ ಬಂದು ಹೆಂಡತಿ ವನಜಾಗೆ ಹೇಳುತ್ತಾರೆ. ವನಜಾ ಮಹಿಳಾ ಸಂಘದಲ್ಲಿ ಹೇಳುತ್ತಾರೆ. ಹೀಗೆ ಯೂರೋಪಿಗೆ ಹೊರಟವರು ಮೊದಲು ಈ ಶೆಡ್ಡಿಗೆ ಬಂದು ವಿಚಾರಿಸಿ ಹೋಗುವುದು ರೂಢಿಯಾಗಿದೆ.

ಒಳಗೆ ಹೋಗುವ ಅವಕಾಶ ಒಮ್ಮೆ ಬಂದಿತ್ತು. ನಾಲ್ಕು ವರ್ಷದ ಹಿಂದೆ ಹರಿಹರದ ಕಮಲಮ್ಮ ಮಂಡಿ ನೋವೆಂದು ಬೆಂಚಿನಲ್ಲೇ ಕೂತು, ತಮ್ಮ ಟಿಕೆಟನ್ನು ಇವರ ಕೈಗೆ ತುರುಕಿದರು. “ಹೋಗಿ ನೋಡ್ಕಂಡ್ ಬಾರಪ್ಪ. ನಿನ್ನ ಡಬ್ಬಿ ಯಾರೂ ಹೊತ್ಕಂಡ್ ಹೋಗಲ್ಲ, ನಾ ಅದೀನಿ.” ಆಂಜಿನಪ್ಪ ಚರ್ಚಿನ ಬಾಗಿಲ ಸಾಲಿನಲ್ಲಿ ನಿಂತರು. ಸಾಲು ಕದಲಲಿಲ್ಲ. ಹನ್ನೆರಡು ಹೊಡೆಯಿತು. ಸಕ್ಕರೆ ಕಾಯಿಲೆಯ ಆ ಅಮ್ಮನ ಊಟ, ಮಾತ್ರೆಯ ಹೊತ್ತು ನೆನಪಾಗಿ ತಿರುಗಿ ಬಂದುಬಿಟ್ಟರು.

“ಹೆಂಗೈತಪ್ಪ ಒಳಗ?” ಎಂದು ಕಮಲಮ್ಮ ಕೇಳಿದರು.

“ದೊಡ್ಡದಾಗೈತೆ ಅಮ್ಮ” ಎಂದು ಆಂಜಿನಪ್ಪ ಅನ್ನ ಬಡಿಸಿದರು.

ಇದನ್ನು ಅವರು ಹೇಳುವುದು ವನಜಾ ಕಾಫಿ ತರಲು ಹೋದಾಗ. ತಗ್ಗಿದ ದನಿಯಲ್ಲಿ, ಬಾಣಲೆ ನೋಡುತ್ತ. ಚಪ್ಪಲಿ ಸದ್ದು ಕೇಳಿದ ಕೂಡಲೇ ಮಾತು ರವೆಯ ಕಡೆ ಹೊರಳುತ್ತದೆ. ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲವಾದ್ದರಿಂದ ರವೆಗೂ ಎಣ್ಣೆಯೇ, ತುಪ್ಪ ಅಲ್ಲೇ ಕೊಳ್ಳಬೇಕು ಎನ್ನುತ್ತಾರೆ.

ಈ ಸಲ ವನಜಾ ಕೂಡ ಹೊರಟಿದ್ದಾರೆ. ಸಹಾಯಕ್ಕೆ ಬರುತ್ತಿದ್ದವರು ಕೆಲಸ ಬಿಟ್ಟದ್ದರಿಂದ ಆ ಜಾಗಕ್ಕೆ ಅವರು. ವೀಸಾ ಬಂದ ದಿನ ಭಾನುಪ್ರಕಾಶ್ ಫೋನಿನಲ್ಲಿ, ಪ್ರಾಗ್‌ನಲ್ಲಿ ಈ ಬಾರಿ ಬಸ್ಸು ನಿಲ್ಲುವಲ್ಲೇ ಊಟ ಎಂದು ತಿಳಿಸಿದರು. “ಡಬ್ಬಿ ಬಸ್ಸಲ್ಲೇ ಇರ್ಲಿ ಅಣ್ಣ. ನೀವು ಹೇಗೂ ನೋಡಿರೋದೇ, ಅತ್ತಿಗೇಗೆ ಎಲ್ಲಾ ತೋರಿಸಿ.”

ವನಜಾ ಕಾಫಿ ಲೋಟ ಇಡುತ್ತ ಹೇಳುತ್ತಾರೆ: “ಗೈಡ್ ಹೇಳೋದು ಕೇಳಕ್ಕೆ ಕಿವೀಗೆ ಏನೋ ಕೊಡ್ತಾರಂತಲ್ಲ ಸಾರ್, ಅದು ನಂಗೆ ಬ್ಯಾಡ ಅಂದ್ಬಿಟ್ಟಿದೀನಿ. ಇವ್ರೇ ಇದಾರಲ್ಲ. ಕುದುರೆ ಮೆಟ್ಲು, ಬಣ್ಣದ ಗಾಜು, ಎಲ್ಲಾ ಬಾಯಿಪಾಠ. ಉಪ್ಪಿಟ್ಟಿಗೆ ಉಪ್ಪು ಆಕಿದ್ರಾ ಅಂತ ಕೇಳಿ, ಅದು ಮಾತ್ರ ಗ್ಯಾಪಕ ಇರಲ್ಲ.”

“ಆಕಿದೀನಿ ಕಣೇ.”

“ಎಡಕ್ಕೆ ತಾನೇ ಕುದುರೆ ಮೆಟ್ಲು?”

ಆಂಜಿನಪ್ಪ ಬಗ್ಗಿ ಉರಿ ನೋಡುತ್ತಾರೆ. ಒಲೆ ಆಗಲೇ ಆರಿದೆ.

ಏಳೂವರೆಗೆ ಆಂಜಿನಪ್ಪ ಬೀದಿಯ ತಿರುವಿನ ತನಕ ಜೊತೆಗೆ ಬರುತ್ತಾರೆ.

“ಪೇಪರಲ್ಲಿ ಯಾವತ್ತು ಬರ್ತೈತೆ ಸಾರ್?”

“ಭಾನುವಾರ.”

“ನಾವು ಓಗೋದು ಗುರುವಾರ.” ಬೆರಳು ಮಡಚಿ ಎಣಿಸುತ್ತಾರೆ. “ಅಂಗಾದ್ರೆ ಅದನ್ನೂ ಬರೀರಿ.”

“ಯಾವುದನ್ನ?”

“ಅದೇ. ಕಮಲಮ್ಮೋರ ಟಿಕೀಟಿಂದು. ಬೆಂಚಿಂದು.”

“ನೀವೇ ಹೇಳಿಬಿಡಬಹುದಲ್ಲ?”

“ಹೇಳಕ್ಕೆ ಓಗ್ತೀನಿ ಸಾರ್. ಬಾಯಿ ತೆಗೆದ್ರೆ, ಚಟ್ನಿಪುಡಿ ಕಟ್ಟಿದ್ಯಾ ಅಂತ ಬರ್ತೈತೆ. ಪೇಪರ್ ಮೊದ್ಲು ಓದೋಳು ಅವಳೇ. ಆವತ್ತು ಬೆಳಿಗ್ಗೆ ನಾನು ಶೆಡ್ಡಲ್ಲಿರ್ತೀನಿ. ಬೈಯೋದಾದ್ರೆ ಅಲ್ಲಿಗೇ ಬಂದು ಬೈಲಿ.” ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಬೈದು ಮುಗುಸ್ಲಿ. ಆಮೇಲೆ ಇಬ್ರೂ ಒಟ್ಟಿಗೆ ಒಳಗೆ ಓಗಿ ಉಡುಕ್ತೀವಿ, ಎಡಕ್ಕೈತೋ ಬಲಕ್ಕೈತೋ ಅಂತ. ನಂಗೆ ಅಷ್ಟಾದ್ರೆ ಸಾಕು.”

ಮೊದಲ ಪ್ರವಾಸದಲ್ಲಿ, ಪ್ರಾಗ್‌ನಿಂದ ಮಾಡಿದ ಫೋನಿನಲ್ಲಿ ವನಜಾ ಕೇಳಿದ್ದು ಒಂದೇ ಮಾತು: “ಒಳಗೆ ಓಗಿದ್ರಾ?” ಆಂಜಿನಪ್ಪ “ಹ್ಞೂಂ” ಅಂದರು. ಇಲ್ಲ ಎಂದು ಆವತ್ತು ಹೇಳಲಿಲ್ಲ. ಆಮೇಲೂ ಹೇಳಿಲ್ಲ.