ದವಡೆ ಹಲ್ಲು ಜಾಗ ಬದಲಿಸಿದ್ದು

ನನ್ನ ಬಲಗಡೆಯ ಕೆಳದವಡೆಯ ಒಂದು ಹಲ್ಲನ್ನು ಮೂಡಿಗೆರೆಯಲ್ಲಿ ಕೀಳಿಸಿ ಬಹಳ ವರ್ಷಗಳಾಗಿದ್ದವು. ಆ ಜಾಗ ಖಾಲಿ ಬಿಡಬೇಡಿ, ಬೇರೆ ಹಲ್ಲು ಕೂರಿಸಿಕೊಳ್ಳಿ ಎಂದು ಡಾಕ್ಟರು ಆಗಲೇ ಹೇಳಿದ್ದರು. ಅಷ್ಟು ಹಿಂದಿನ ಹಲ್ಲು ಯಾರಿಗೆ ಕಾಣಬೇಕು? ಕಾಫಿ ಕೊಯ್ಲು ಮುಗಿಯಲಿ, ಮೆಣಸು ಕೊಯ್ಲು ಮುಗಿಯಲಿ ಎನ್ನುತ್ತ ಮರೆತೇಬಿಟ್ಟೆ.

ಬರಬರುತ್ತ ಅಲ್ಲಿ ಏನು ತಿಂದರೂ ಒಂದು ಚೂರು ಸಿಕ್ಕಿಕೊಳ್ಳತೊಡಗಿತು. ಅದನ್ನು ಎಳೆದು ತೆಗೆಯಲು ನಾಲಗೆಯಿಂದ ‘ಚ್ಚ್’ ಎಂದು ಸದ್ದು ಮಾಡುವುದು ಅಭ್ಯಾಸವಾಯಿತು. ನನಗದು ಕೇಳಿಸುತ್ತಿರಲಿಲ್ಲ, ಬೇರೆಯವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಕಳಸದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ಬೆಲೆ ಹೇಳಿದ ಕೂಡಲೇ ನಾನು ‘ಚ್ಚ್’ ಅಂದರೆ, ಅಂಗಡಿಯವರು “ಆಯ್ತಕ್ಕ, ಇನ್ನೂ ಸ್ವಲ್ಪ ಬಿಟ್ಟು ಕೊಡ್ತೀನಿ” ಅನ್ನುತ್ತಿದ್ದರು. ಕಾರಣ ಗೊತ್ತಾದ ಮೇಲೂ ನಾನೇನು ಅವರ ತಪ್ಪು ತಿದ್ದಲು ಹೋಗಲಿಲ್ಲ.

ಎಡವಟ್ಟಾದದ್ದು ಭಾವನವರ ಮಗನಿಗೆ ಹೆಣ್ಣು ನೋಡಲು ಚಿಕ್ಕಮಗಳೂರಿಗೆ ಹೋದಾಗ. ತೋಟ ನೋಡಿಕೊಂಡಿರುವ ಹುಡುಗ, ಚಿಕ್ಕಮ್ಮ ಎಂದರೆ ಅವನಿಗೆ ಪ್ರಾಣ. ಹುಡುಗಿ ಡಾಕ್ಟರು ಎಂದಷ್ಟೇ ನಮಗೆ ಗೊತ್ತಿತ್ತು. ಉಪ್ಪಿಟ್ಟು, ಕೊಬ್ಬರಿ ಮಿಠಾಯಿ ಆಯಿತು. ಹುಡುಗಿ ಬಂದು ಕೂತಳು. ಅವಳ ತಂದೆ ನನ್ನ ಕಡೆ ತಿರುಗಿ, “ಏನಮ್ಮ, ನಮ್ಮ ಹುಡುಗಿ ಬಗ್ಗೆ ನೀವು ಏನೂ ಹೇಳ್ಲೇ ಇಲ್ಲ?” ಎಂದರು.

“ಚ್ಚ್” ಅಂದೆ.

ಹಾಲ್‌ನಲ್ಲಿ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಪಕ್ಕದಲ್ಲಿದ್ದ ನನ್ನ ಓರಗಿತ್ತಿ ಸೆರಗಿನ ಮರೆಯಲ್ಲಿ ಬಲವಾಗಿ ಚಿವುಟಿದರು.

“ಅಯ್ಯೋ, ಹುಡುಗಿಗಲ್ಲ! ಕೊಬ್ಬರಿಗೆ!” ಎಂದೆ.

ಮೊದಲು ನಕ್ಕವಳು ಹುಡುಗಿಯೇ. “ಆಂಟಿ, ಆ ಕಡೆ ಹಲ್ಲೊಂದು ತೆಗೆಸಿದ್ದೀರಾ?”

“ನಿಂಗೆ ಹೆಂಗೆ ಗೊತ್ತಾಯ್ತು?”

“ನಾನು ಹಲ್ಲಿನ ಡಾಕ್ಟರೇ. ಸ್ವಲ್ಪ ಇತ್ಲಾಗೆ ಬನ್ನಿ.”

ಕಿಟಕಿಯ ಬಳಿ ಕೂರಿಸಿ, ಹುಡುಗನ ಕೈಗೆ ಮೊಬೈಲ್ ಟಾರ್ಚ್ ಕೊಟ್ಟು, ನನ್ನ ಬಾಯಿ ತೆರೆಸಿದಳು. ಅವರಿಬ್ಬರೂ ಮೊದಲ ಸಲ ಹತ್ತಿರ ನಿಂತದ್ದು ನನ್ನ ದವಡೆಯ ಮುಂದೆ. ಪಾಪ, ಅವನು ಅವಳನ್ನೇ ನೋಡುತ್ತಿದ್ದರಿಂದ ಬೆಳಕು ನನ್ನ ಮೂಗಿಗೆ ಬೀಳುತ್ತಿತ್ತು.

“ನೋಡಿ, ಕೆಳಗೆ ಎದುರು ಹಲ್ಲಿಲ್ಲ ಅಂತ ಮೇಲಿನದ್ದು ಕೆಳಗಿಳಿದಿದೆ. ಖಾಲಿ ಜಾಗದ ಹಿಂದಿರೋದು ಮುಂದಕ್ಕೆ ವಾಲಿದೆ. ಆ ಸಂದೀಲೇ ತಿಂದದ್ದು ಕೂರೋದು.”

“ಬೇರು ಬಿಟ್ಟ ಹಲ್ಲು ಎಲ್ಲಾದ್ರೂ ಸರೀತದಾ?”

“ಜಾಗ ಸಿಕ್ಕಿದ್ರೆ ನಿಧಾನಕ್ಕೆ ಸರೀತದೆ ಆಂಟಿ.”

“ನಮ್ಮ ಪಕ್ಕದ ತೋಟದವ್ರ ಬೇಲಿ ಇದ್ದ ಹಾಗೆ,” ಎಂದರು ನನ್ನವರು. ಅಲ್ಲಿಗೆ ಎರಡೂ ಕಡೆಯವರು ನಕ್ಕು ಹಗುರಾದರು. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಟೆರೇಸಿಗೆ ಕಳಿಸಿದೆವು.

ವಾರದೊಳಗೆ ಫೋನ್ ಬಂತು. ಹುಡುಗಿಗೆ ಸಂಬಂಧ ಒಪ್ಪಿಗೆಯಿಲ್ಲವಂತೆ. ಆದರೆ ಆಂಟಿ ತಪ್ಪದೆ ಕ್ಲಿನಿಕ್ಕಿಗೆ ಬರಬೇಕಂತೆ. ಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು.

ಹೋದೆ. ಇಳಿದುಬಂದ ಮೇಲಿನ ಹಲ್ಲನ್ನು ಉಜ್ಜಿ ಗಿಡ್ಡ ಮಾಡಿ ಕ್ಯಾಪ್ ಹಾಕಿದಳು. ವಾಲಿದ್ದನ್ನು ನೆಟ್ಟಗೆ ಮಾಡಲು ಹಿಂದುಗಡೆ ಸಣ್ಣ ತಂತಿ ಬಿಗಿದಳು. ಅದು ನೆಟ್ಟಗಾಗಿ ಖಾಲಿ ಜಾಗಕ್ಕೆ ಹಲ್ಲು ಕೂರಿಸುವವರೆಗೆ ತಿಂಗಳು ತಿಂಗಳೂ ಹೋಗಿಬರಬೇಕಾಯಿತು. ಭಾವನವರ ಮಗನೇ ತನ್ನ ಜೀಪಿನಲ್ಲಿ ಕರೆದೊಯ್ಯುತ್ತಿದ್ದ. ತಲೆ ಬಾಚಿಕೊಂಡೇ ಬರುತ್ತಿದ್ದ, ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಒಂದು ದಿನ ನನ್ನ ಬಾಯಿ ತುಂಬ ಹತ್ತಿ ತುರುಕಿದ ಮೇಲೆ ಹುಡುಗಿ ತಾನಾಗಿಯೇ ಹೇಳಿದಳು: “ಬೇಜಾರು ಮಾಡ್ಕೋಬೇಡಿ ಆಂಟಿ. ಅವತ್ತು ಟೆರೇಸಲ್ಲಿ ಅವ್ರು ಪೂರ್ತಿ ಜೀಪಿನ ವಿಷಯನೇ ಹೇಳಿದ್ರು. ನನ್ನ ಹೆಸರೂ ಕೇಳ್ಲಿಲ್ಲ.” ಹುಡುಗನ ಪರವಾಗಿ ಹೇಳಬೇಕಾದದ್ದು ಎಷ್ಟೋ ಇತ್ತು. “ಊಂ, ಊಂ” ಎನ್ನುವುದಷ್ಟೇ ಸಾಧ್ಯವಾಯಿತು. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳು.

ವಾಪಸು ಬರುವಾಗ ಅವನು ರಸ್ತೆಯ ಮೇಲೆ ಕಣ್ಣಿಟ್ಟೇ ಕೇಳಿದ: “ಚಿಕ್ಕಮ್ಮ, ನನ್ನ ವಿಷಯ ಏನಾದ್ರೂ ಬಂತಾ?”

“ಬಂತು ಮಾರಾಯ. ನಿನ್ನ ಜೀಪಿನ ವಿಷಯ ಅವಳಿಗೆ ಇನ್ನೂ ಪೂರ್ತಿ ನೆನಪಿದೆ.”

ಅವನಿಗೆ ಅದೆಷ್ಟು ಖುಷಿಯಾಯಿತೆಂದರೆ, ಕಳಸ ತಲುಪುವವರೆಗೂ ಸಿಳ್ಳೆ ಹಾಕುತ್ತಲೇ ಇದ್ದ.